ಅರವತ್ತಮೂರು ಸಾಮಾನು, ಒಂದು ಕೂದಲು

"ಗುರುಗಳೇ, ನಿಂತುಹೋದ ಜೇಬುಗಡಿಯಾರವನ್ನು ರಿಪೇರಿ ಮಾಡಲು ಹೊರಟ ಹೊಸಬ ಮೊದಲು ಯಾವ ಸಾಮಾನು ಕೊಳ್ಳಬೇಕು?" ಎಂದು ತನ್ನ ನಿಂತ ಗಡಿಯಾರವನ್ನು ಜೇಬಿನಲ್ಲಿಟ್ಟುಕೊಂಡೇ ಶಿಷ್ಯ ಕೇಳಿದ.

ಹನ್ನೊಂದು ದಿನಗಳಲ್ಲಿ ಇದು ಹದಿನಾರನೆಯ ಸಲ. ಗುರುಗಳು ಹಣೆ ಚಚ್ಚಿಕೊಂಡರು.

"ಅಯ್ಯಾ, ನಾನು ಈ ಕೈಯಿಂದ ಬದುಕಿಸಿದ ಗಡಿಯಾರಗಳೆಲ್ಲ ಒಮ್ಮೆಗೇ ಟಿಕ್ ಎಂದರೆ ಈ ಪೇಟೆಯ ಹೆಂಚುಗಳೆಲ್ಲ ಉದುರಿ ಬೀಳುತ್ತವೆ. ಅಂಥ ನನಗೇ ನಿನ್ನ ಪ್ರಶ್ನೆ ಕೇಳಿ ಕೇಳಿ ತಲೆ ಗಿರ್ರೆನ್ನುತ್ತಿದೆ. ಕೂತುಕೋ. ಒಂದು ಕತೆ ಹೇಳುತ್ತೇನೆ."

ಒಬ್ಬ ವರ್ತಕನಿದ್ದ. ಅವನಿಗೆ ಎಂಬತ್ತು ದಾಟಿದ ತಾಯಿ. ಆಕೆ ಏಕಾದಶಿಯಂದು ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಮರುದಿನ ದ್ವಾದಶಿಯ ಬೆಳಿಗ್ಗೆ, ತೀರಿಹೋದ ಗಂಡನ ಜೇಬುಗಡಿಯಾರ ಏಳು ಗಂಟೆ ತೋರಿಸಿದ ಮೇಲೆಯೇ ಉಪವಾಸ ಮುರಿಯುತ್ತಿದ್ದಳು. ಗೋಡೆಯ ಗಡಿಯಾರ ಏನೇ ಬಡಿದುಕೊಳ್ಳಲಿ, ಸಾಕ್ಷಾತ್ ಸೂರ್ಯನೇ ಬಂದು ಬಾಗಿಲು ತಟ್ಟಲಿ, ಆಕೆ ಒಪ್ಪುವವಳಲ್ಲ.

ಒಂದು ದ್ವಾದಶಿಯಂದು ಆ ಗಡಿಯಾರ ಆರೂವರೆಗೆ ನಿಂತಿತು. ಕೀಲಿ ಕೊಟ್ಟರೂ ಕದಲಲಿಲ್ಲ.

"ಚಿಂತೆ ಬೇಡಮ್ಮಾ, ನಾನೇ ಸರಿ ಮಾಡ್ತೀನಿ," ಎಂದು ವರ್ತಕ ಪೇಟೆಗೆ ಓಡಿ, ಅಂಗಡಿಯವನನ್ನು ಹಾಸಿಗೆಯಿಂದ ಎಬ್ಬಿಸಿದ.

ಅವನು ಆರಿಸಿ ತಂದದ್ದನ್ನು ಹೇಳಿದರೆ ನಂಬುವುದು ಕಷ್ಟ. ಸೂಜಿಮೊನೆಯಷ್ಟು ಸಣ್ಣದರಿಂದ ಹಿಡಿದು ಬಂಡಿಯ ಅಚ್ಚು ಬಿಚ್ಚುವಷ್ಟು ದೊಡ್ಡದರವರೆಗೆ ಇಪ್ಪತ್ತೆಂಟು ಸ್ಕ್ರೂಡ್ರೈವರುಗಳು. ಒಂಬತ್ತು ಚಿಮುಟ. ಇರುವೆಗೆ ಲಾಳ ಹೊಡೆಯುವಷ್ಟು ಸಣ್ಣ ಸುತ್ತಿಗೆ. ಅರಗಳು, ಕುಂಚಗಳು, ಎಣ್ಣೆಯ ಕುಡಿಕೆಗಳು. ಒಟ್ಟು ಅರವತ್ತಮೂರು ಸಾಮಾನು.

ತಂದವನು ಕೆಲಸಕ್ಕೆ ಕೈ ಹಾಕಲಿಲ್ಲ. ಎಲ್ಲವನ್ನೂ ಜಮಖಾನೆಯ ಮೇಲೆ ಹರಡಿ, ಯಾವುದರಿಂದ ಆರಂಭಿಸಲಿ ಎಂದು ಒಂದೊಂದನ್ನೇ ಎತ್ತಿ ನೋಡತೊಡಗಿದ. ಹಿತ್ತಾಳೆಯ ಹಿಡಿ ಕೈಯಲ್ಲಿ ಜಾರೀತು. ಮರದ ಹಿಡಿ ಬೆವರು ಕುಡಿದೀತು. ಮನಸ್ಸೊಪ್ಪದೆ ಎರಡು ಸಲ ಪೇಟೆಗೆ ಹೋಗಿ ಬದಲಾಯಿಸಿಕೊಂಡು ಬಂದ. ಒಳಗೆ ಅಗಸೆ ಸೊಪ್ಪಿನ ಪಲ್ಯ ಮೂರು ಸಲ ಬಿಸಿಯಾಯಿತು, ಮೂರು ಸಲ ಆರಿತು. ಬಿಸಿಲು ಅಂಗಳದ ನಡುವಿಗೆ ಬಂತು. ತಾಯಿಯ ತುಟಿ ಒಣಗಿತು. ಅದನ್ನು ಕಂಡು ವರ್ತಕ ಗಡಿಯಾರವನ್ನು ಕೈಗೆತ್ತಿಕೊಂಡ. ಆದರೂ ಅವಸರಪಟ್ಟು ತಪ್ಪು ಸಾಮಾನು ಹಿಡಿದು ಅಪ್ಪನ ಗಡಿಯಾರವನ್ನೇ ಕೆಡಿಸಿಬಿಟ್ಟರೆ? ಆಮೇಲೆ ಆಕೆ ಯಾವ ದ್ವಾದಶಿಗೂ ಉಣ್ಣಲಾರಳು.

"ಏನೋ, ಇನ್ನೂ ಏನು ಮಾಡ್ತಿದ್ದೀಯ?"

"ಹಿಡಿ ಬೀಟೆಮರದ್ದಿರಲೋ ಹಿತ್ತಾಳೇದಿರಲೋ ಅಂತ ನೋಡ್ತಿದ್ದೀನಮ್ಮಾ."

"ನನ್ನ ಹೊಟ್ಟೆ ಯಾವ ಮರದ್ದು ಅಂದ್ಕೊಂಡಿದ್ದೀಯೋ? ತಾ ಇಲ್ಲಿ!"

ಮುದುಕಿ ಗಡಿಯಾರ ಕಿತ್ತುಕೊಂಡಳು. ಹಿಂಬದಿಯ ಮುಚ್ಚಳದ ಅಂಚಿಗೆ ಹೆಬ್ಬೆರಳ ಉಗುರು ಕೊಟ್ಟಳು. ಅದು ಟಕ್ಕನೆ ತೆರೆಯಿತು. ತನ್ನ ಸೋಡಾಗಾಜಿನ ಕನ್ನಡಕವನ್ನು ಮೂಗಿನಿಂದ ತೆಗೆದು ಗಡಿಯಾರದ ಮೇಲೆ ಹಿಡಿದು ಇಣುಕಿದಳು.

"ಇಲ್ಲಿ ಚಕ್ರಕ್ಕೊಂದು ಕೂದಲು ಸಿಕ್ಕಿಕೊಂಡಿದೆಯಲ್ಲೋ. ಕರೀ ಕೂದಲು. ನಂದಂತೂ ಅಲ್ಲ."

ವರ್ತಕ ಕೈಗೆ ಸಿಕ್ಕ ಚಿಮುಟದಿಂದ ಅದನ್ನು ಮೆಲ್ಲಗೆ ಎಳೆದ. ಉಳಿದ ಅರವತ್ತೆರಡು ಸಾಮಾನು ಜಮಖಾನೆಯ ಮೇಲೆಯೇ ಉಳಿದವು. ಗಡಿಯಾರ ನಡೆಯತೊಡಗಿತು. ಆದರೆ ನಡೆದದ್ದು ನಿಂತಲ್ಲಿಂದಲೇ, ಆರೂವರೆಯಿಂದ. ಗಂಡನ ಗಡಿಯಾರದ ಮುಳ್ಳನ್ನು ಗೋಡೆಯ ಗಡಿಯಾರ ನೋಡಿ ತಿರುಗಿಸಲು ಆಕೆ ಬಿಡಲಿಲ್ಲ. ಬಡಿಸಿದ ಎಲೆಯ ಮುಂದೆ ಇನ್ನೂ ಅರ್ಧ ಗಂಟೆ ಕಾದಳು. ಮಗ ತಲೆತಗ್ಗಿಸಿ ಎದುರಿಗೆ ಕೂತ. ಆಕೆ ಮೊದಲ ತುತ್ತು ಬಾಯಿಗಿಟ್ಟಾಗ ಊರಿನವರು ಮಧ್ಯಾಹ್ನದ ಊಟ ಮುಗಿಸಿ ಮಲಗಿ ಎರಡನೆಯ ಮಗ್ಗುಲಿಗೆ ಹೊರಳಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಸಂತೋಷದಿಂದ ತಲೆದೂಗಿದ.

"ಅರ್ಥವಾಯಿತು ಗುರುಗಳೇ. ಮೊದಲು ಚಿಮುಟ ಕೊಳ್ಳಬೇಕು. ಮೂತಿ ನೆಟ್ಟಗಿರುವುದೋ, ಬಾಗಿರುವುದೋ?"

ಗುರುಗಳು ಶಿವ ಶಿವಾ ಎಂದು ಉಸಿರು ಬಿಟ್ಟು, "ನಿನ್ನ ಗಡಿಯಾರ ಯಾಕೆ ನಿಂತಿದೆ?" ಎಂದು ಕೇಳಿದರು.

ಶಿಷ್ಯ ಜೇಬಿನಿಂದ ಗಡಿಯಾರ ತೆಗೆದ. ಮುಚ್ಚಳದ ಅಂಚಿಗೆ ಮೊದಲ ಸಲ ಹೆಬ್ಬೆರಳ ಉಗುರು ಕೊಟ್ಟ.