ಏರಿಯೊಳಗಿನ ಮಡಕೆಗಳು

"ಒಂದು ಕಡಿಮೆಯಾದರೆ ಏನಾಯಿತು, ಗುರುಗಳೇ?"

ಕೇಳಿದವಳು ತಾರಿಣಿ. ಹನ್ನೊಂದು ವರ್ಷದಿಂದ ಅವಳು ಒಂದು ಸಣ್ಣ ಸಂಸ್ಥೆಯಲ್ಲಿ ದುಡಿಯುತ್ತಿದ್ದಳು. ಅಣುಬಾಂಬುಗಳನ್ನು ಕಡಿಮೆ ಮಾಡಿ ಎಂದು ಸರಕಾರಗಳನ್ನು ಕೇಳುವುದು ಆ ಸಂಸ್ಥೆಯ ಕೆಲಸ. ಕೇಳುವುದಷ್ಟೇ, ಅದಕ್ಕೆ ಬೇರೆ ಬಲವಿಲ್ಲ. ಮನವಿ ಬರೆಯಬೇಕು, ಸಹಿ ಕೂಡಿಸಬೇಕು, ದೊಡ್ಡವರ ಬಾಗಿಲಲ್ಲಿ ಕಾಯಬೇಕು. ಹಿಂದಿನ ವಾರ ಒಬ್ಬ ಅಧಿಕಾರಿ ಅವಳ ಮನವಿಯನ್ನು ಓದದೆಯೇ ಪಕ್ಕಕ್ಕೆ ಸರಿಸಿದ್ದ. "ಸಾವಿರಗಟ್ಟಲೆ ಇರುವ ಕಡೆ ಹತ್ತು ತೆಗೆದರೆ ಯಾರು ಉಳಿದುಕೊಂಡರಮ್ಮಾ? ಒಂದು ಊರು ಸುಡುವುದಕ್ಕೆ ಒಂದೇ ಸಾಕಲ್ಲ" ಎಂದು ನಕ್ಕಿದ್ದ. ಅವಳು ಅಂದೇ ಕೆಲಸ ಬಿಡುವ ಕಾಗದ ಬರೆದು, ಕೊಡುವ ಮೊದಲು ಗುರುಗಳನ್ನು ನೋಡಲು ಬಂದಿದ್ದಳು.

ಗುರುಗಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. "ಕೂತುಕೋ ತಾಯಿ" ಎಂದು ಒಂದು ಬೊಗಸೆ ಕಾಯಿ ಅವಳ ಮುಂದೆಯೂ ಸುರಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಕೆರೆ. ಕೆರೆಗೆ ಒಂದೇ ಏರಿ. ಏರಿಯ ಕೆಳಗೆ ಎರಡು ಊರು, ಮೂಡಲೂರು ಮತ್ತು ಪಡುವಲೂರು. ನೀರಿನ ಸರದಿಗಾಗಿ ಹಿಂದೆ ಯಾವಾಗಲೋ ಎರಡೂ ಊರಿಗೆ ಜಗಳವಾಗಿತ್ತು. ಮೊದಲು ಯಾರು ತೂಬು ಎತ್ತಿದರು ಎಂಬುದು ಯಾರಿಗೂ ನೆನಪಿರಲಿಲ್ಲ. ಜಗಳ ಮಾತ್ರ ಚೆನ್ನಾಗಿ ನೆನಪಿತ್ತು.

ಮೂಡಲೂರಿನಲ್ಲಿ ಒಬ್ಬ ಬಾವಿ ತೋಡುವವನಿದ್ದ. ಬಂಡೆ ಸಿಕ್ಕ ಕಡೆ ಮದ್ದಿಟ್ಟು ಸಿಡಿಸಿ ನೀರು ತರುವುದು ಅವನ ಕಸುಬು. ಎರಡೂ ಊರಿನ ಬಾವಿಗಳು ಅವನ ಕೈಯವೇ. ಒಂದು ದಿನ ಮೂಡಲೂರಿನ ಗೌಡ ಅವನನ್ನು ಕರೆಸಿದ. ಏರಿಯೊಳಗೆ ಬಿಲ ಕೊರೆದು ಮದ್ದು ತುಂಬಬೇಕೆಂದ. ಪಡುವಲೂರಿನವರು ತಂಟೆಗೆ ಬಂದರೆ ಬತ್ತಿ ಹಚ್ಚುವುದು, ಏರಿ ಒಡೆದು ನೀರು ಅವರ ಊರನ್ನು ಕೊಚ್ಚಿಕೊಂಡು ಹೋಗುವುದು. ಹಚ್ಚುವ ಕಾಲ ಬಾರದಿರಲಿ, ಹೆದರಿಕೆಯಲ್ಲಿ ಇರಲಿ ಅಂತ ಅಷ್ಟೇ, ಎಂದೂ ಗೌಡ ಸೇರಿಸಿದ. ಬಾವಿಯವನು ಹನ್ನೆರಡು ಮಡಕೆ ಮದ್ದು ತುಂಬಿಸಿಟ್ಟ. ಸುದ್ದಿ ಪಡುವಲೂರಿಗೆ ಹೋಗದಿರುತ್ತದೆಯೇ? ವಾರದೊಳಗೆ ಅಲ್ಲಿಯ ಗೌಡನೂ ಅವನನ್ನೇ ಕರೆಸಿದ. ಮದ್ದಿನ ಕೆಲಸ ಬಲ್ಲವನು ಸುತ್ತಮುತ್ತ ಅವನೊಬ್ಬನೇ. ಮೊದಲ ಬಿಲದಿಂದ ಮೂವತ್ತು ಮಾರು ಆಚೆಗೆ ಇನ್ನೊಂದು ಬಿಲ ಕೊರೆದು, ಅಲ್ಲಿಯೂ ಹನ್ನೆರಡು ಮಡಕೆ ಇಟ್ಟ. ಅವನಿಗೆ ಕೆಲಸ ಬೇಕಿತ್ತು, ಮಾಡಿದ. ಹೆಚ್ಚು ಯೋಚಿಸಲಿಲ್ಲ.

ತಮ್ಮ ಬಿಲ ಸಿಡಿದರೆ ನೀರು ಆಚೆಯವರ ಮೇಲೆ ಮಾತ್ರ ಹೋಗುತ್ತದೆ ಎಂದು ಎರಡೂ ಊರಿನವರು ನಂಬಿದ್ದರು. ಮೂವತ್ತು ಮಾರಿನೊಳಗೆ ನೀರಿಗೆ ಅಷ್ಟೊಂದು ವಿವೇಕ ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಇಂಥ ಮಾತು ಬುದ್ಧಿವಂತರ ಸಭೆಯಲ್ಲಿ ಏಳುವುದೇ ಇಲ್ಲ ನೋಡು.

ಬಿಲದ ಬಾಯಿಯಲ್ಲಿ ಒಬ್ಬೊಬ್ಬ ಕಾವಲುಗಾರ ಕೂತ. ಪಕ್ಕದಲ್ಲಿ ಆರದ ಕೆಂಡದ ಕುಡಿಕೆ. ಎರಡೂ ಊರಿನಲ್ಲಿ ಒಂದು ಕಟ್ಟಳೆಯೂ ಆಯಿತು. ಏರಿ ಒಡೆಯಬೇಕಾಗಿ ಬಂದರೆ, ತಮ್ಮ ಜನ ದಿಬ್ಬ ಹತ್ತಲಿ ಎಂದು ಮೊದಲು ಮೂರು ಸಲ ಕೊಂಬು ಊದುವುದು. ಹಾಗಾಗಿ ಆಚೆಯ ಊರಿನಲ್ಲಿ ಮೂರು ಸಲ ಕೊಂಬು ಕೇಳಿದರೆ ಅವರು ಹಚ್ಚಲು ಹೊರಟರೆಂದೇ ಅರ್ಥ. ಅವರಿಗಿಂತ ಮೊದಲು ನಾವು ಹಚ್ಚಬೇಕು.

ಬಾವಿ ತೋಡುವವರಲ್ಲಿಯೂ ಒಂದು ಪದ್ಧತಿಯಿತ್ತು. ಮದ್ದು ಹಚ್ಚುವ ಮುಂಚೆ ಅವರು ಮೂರು ಸಲ ಕೊಂಬು ಊದುತ್ತಿದ್ದರು. ದನ ಮೇಯಿಸುವವರು, ನೀರಿಗೆ ಬಂದವರು ದೂರ ಸರಿಯಲಿ ಎಂದು. ಏರಿಗೆ ಮದ್ದು ಬಂದ ಮೇಲೆ ಆ ಎರಡು ಊರಿನಲ್ಲಿ ಬಾವಿಯವನು ಕೊಂಬು ಊದುವುದನ್ನು ನಿಲ್ಲಿಸಿಬಿಟ್ಟಿದ್ದ. ಬಾಯಿಂದಲೇ ಕೂಗುತ್ತಿದ್ದ.

ಅವನು ತನ್ನ ಒಬ್ಬಳೇ ಮಗಳನ್ನು ಪಡುವಲೂರಿಗೆ ಕೊಟ್ಟಿದ್ದ. ಮೊಮ್ಮಗಳ ನಾಮಕರಣಕ್ಕೆ ಹೋದಾಗ ಮಗಳು ಕೂಸನ್ನು ಅವನ ಮಡಿಲಿಗೆ ಹಾಕಿ ಕೇಳಿದಳು.

"ಅಪ್ಪಾ, ನೀನು ತುಂಬಿಸಿದ ಮದ್ದು ಹತ್ತಿಕೊಂಡರೆ ಮೊದಲು ಮುಳುಗೋದು ಯಾರು? ನಿನ್ನ ಮನೆಯೋ, ನನ್ನ ಮನೆಯೋ?"

ಅವನಿಗೆ ಮಡಿಲಲ್ಲಿದ್ದ ಕೂಸಿನ ಭಾರವೂ ತಿಳಿಯಲಿಲ್ಲ. ಹೆಣ್ಣುಮಗಳಿಗೆ ಹೊಳೆದದ್ದು, ಏರಿಯ ಮಣ್ಣನ್ನು ಮೊಳ ಮೊಳ ಅಳೆದ ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಊಟಕ್ಕೂ ನಿಲ್ಲದೆ ಎದ್ದು ಹೊರಟ.

ಅಂದಿನಿಂದ ಅವನು ಎರಡೂ ಗೌಡರ ಹೊಸ್ತಿಲು ಸವೆಸಿದ. ಮಡಕೆ ತೆಗೆಸಿ ಎಂದು ಬೇಡಿದ. ಅವರು ತೆಗೆಯಲಿ, ಆಮೇಲೆ ನಾವು, ಎಂದ ಮೂಡಲೂರಿನ ಗೌಡ. ಪಡುವಲೂರಿನ ಗೌಡನೂ ಅದನ್ನೇ ಅಂದ. ಹುಟ್ಟಿದಾಗಿನಿಂದ ಒಬ್ಬರ ಮುಖ ಒಬ್ಬರು ನೋಡದವರಿಗೆ ಮಾತು ಮಾತ್ರ ಒಂದೇ. ಕೊನೆಗೆ ಬಾವಿಯವನು ಒಂದು ದಾರಿ ಕಂಡ. ಒಂದೇ ದಿನ, ಒಂದೇ ಹೊತ್ತಿಗೆ, ಎರಡೂ ಬಿಲದಿಂದ ಒಂದೊಂದು ಮಡಕೆ ಹೊರಗೆ ಬರಬೇಕು. ಇಬ್ಬರು ಗೌಡರೂ ನೋಡುತ್ತಿರುವಾಗ ಮದ್ದನ್ನು ಕೆರೆಗೆ ಸುರಿಯಬೇಕು. ಮೊದಲ ಮಡಕೆಗೆ ಎರಡು ವರ್ಷ ಹಿಡಿಯಿತು.

ಒಂಬತ್ತು ವರ್ಷದಲ್ಲಿ ಎರಡೂ ಕಡೆಯಿಂದ ಏಳೇಳು ಮಡಕೆ ತೆಗೆಸಿದ. ಬಾವಿ ಕೆಲಸ ಬಿಟ್ಟುಹೋಯಿತು. ಜನ ಅವನಿಗೆ ಮಡಕೆರಾಯ ಎಂದು ಹೆಸರಿಟ್ಟು ಹೊಟ್ಟೆ ತುಂಬ ನಕ್ಕರು. ಇನ್ನೂ ಐದು ಒಳಗಿವೆಯಲ್ಲ, ಐದಿದ್ದರೇನು ಹನ್ನೆರಡಿದ್ದರೇನು, ಎಂದು ಅರಳಿಕಟ್ಟೆಯಲ್ಲಿ ಕೂತವರು ಕೇಳಿದರು. ಏಳನೆಯ ಮಡಕೆ ತೆಗೆಸಿದ ದಿನ ಅವನು ಮನೆಗೆ ಬಂದು ತಟ್ಟೆ ಸರಿಸಿ ಕೂತ. ಒಂಬತ್ತು ವರ್ಷ ಇದರಲ್ಲೇ ಕಳೆಯಿತು, ಕಾಲು ಸೋತಿವೆ, ನಾಳೆಯಿಂದ ತಾನು ಯಾರ ಬಾಗಿಲಿಗೂ ಹೋಗುವುದಿಲ್ಲ ಎಂದು ಹೆಂಡತಿಗೆ ಹೇಳಿದ. ಅವಳು ಒಳ್ಳೆಯದಾಯಿತು ಎಂದಳು. ಅವಳಿಗೂ ಸಾಕಾಗಿತ್ತು.

ಒಂದು ತಿಂಗಳು ಅವನು ಹೊರಗೆ ಕಾಲಿಡಲಿಲ್ಲ.

ಪಡುವಲೂರಿನಲ್ಲಿ ಒಬ್ಬ ರೈತನಿಗೆ ಬಾವಿ ಬೇಕಾಗಿತ್ತು. ಹಳೆಯ ಬಾವಿಯವನು ಕೆಲಸ ಬಿಟ್ಟಿದ್ದರಿಂದ ದೂರದ ಸೀಮೆಯಿಂದ ಹೊಸಬನನ್ನು ಕರೆಸಿದ್ದ. ಹೊಸಬ ಒಳ್ಳೆಯ ಕೆಲಸಗಾರ, ಪದ್ಧತಿ ಬಿಡುವವನಲ್ಲ. ಬಂಡೆ ಸಿಕ್ಕಿತು. ಕುಳಿ ಹೊಡೆದು ಮದ್ದಿಟ್ಟ. ಬೆಳಗಿನ ಗಂಜಿಯ ಹೊತ್ತಿಗೆ, ಯಾರಿಗೂ ಪೆಟ್ಟಾಗಬಾರದೆಂದು, ಕೊಂಬು ತೆಗೆದು ಮೂರು ಸಲ ಊದಿದ.

ಬಾವಿಯವನು ಮನೆಯಲ್ಲಿ ಅದನ್ನು ಕೇಳಿದ. ಜೀವಮಾನವೆಲ್ಲ ಊದಿದ ಕೊಂಬು, ಅವನಿಗೆ ತಿಳಿಯದೇ? ಆದರೆ ಏರಿಯ ಮೇಲಿನವರಿಗೆ ತಿಳಿಯುವುದಿಲ್ಲ. ಬಟ್ಟಲು ಬಿಸುಟು ಓಡಿದ. "ಅದು ಬಾವಿ, ಬಾವಿ ಕಣ್ರೋ!" ಎಂದು ಕೂಗುತ್ತ ಏರಿ ಹತ್ತಿದ. ಆಗಲೇ ಪಡುವಲೂರಿನ ಬಾವಿಯಲ್ಲಿ ಬಂಡೆ ಸಿಡಿಯಿತು. ಕೊಂಬು ಕೇಳಿ ಕೆಂಡ ಎತ್ತಿ ನಿಂತಿದ್ದ ಮೂಡಲೂರಿನ ಕಾವಲುಗಾರ ಆ ಸದ್ದಿಗೆ ಕೆಂಡವನ್ನು ಬತ್ತಿಗೆ ಮುಟ್ಟಿಸಿ ಓಡಿಬಿಟ್ಟ.

ಐದು ಮಡಕೆಯೂ ಒಟ್ಟಿಗೆ ಸಿಡಿದವು. ಬಾವಿಯವನು ನೆಲಕ್ಕೆ ಬಿದ್ದ. ಕಿವಿ ಗುಂಯ್ ಎಂದಿತು. ಎಲ್ಲ ಮುಗಿಯಿತು, ಮಗಳು ಹೋದಳು, ಮೊಮ್ಮಗಳು ಹೋದಳು ಎಂದುಕೊಂಡ. ತನ್ನ ಕೈಯಾರೆ ತುಂಬಿಸಿಟ್ಟ ಮದ್ದು ಎಂಬುದೊಂದೇ ಅವನ ತಲೆಯಲ್ಲಿತ್ತು. ಧೂಳು ಇಳಿದ ಮೇಲೆ ತಲೆ ಎತ್ತಿದ. ಏರಿ ನಿಂತಿತ್ತು. ಕೆಳಮೈ ಕಿತ್ತುಹೋಗಿ ದೊಡ್ಡ ಗುಂಡಿಯಾಗಿತ್ತು, ಗುಂಡಿಯ ಗೋಡೆಯಲ್ಲಿ ನೀರು ಜಿನುಗುತ್ತಿತ್ತು, ಆದರೂ ನಿಂತಿತ್ತು.

ಆಚೆ ಪಡುವಲೂರಿನ ಕಾವಲುಗಾರ ಕೆಂಡ ಎತ್ತಿಕೊಂಡಿದ್ದ. ಬಾವಿಯವನು ಬಿದ್ದು ಎದ್ದು ಓಡಿ ಹೋಗಿ ಅವನ ಬಿಲದ ಬಾಯಿಗೆ ಅಡ್ಡ ಕೂತ.

"ಹಚ್ಚಬೇಡ ಮಾರಾಯ. ಕೊಂಬು ಊದಿದ್ದು ನಿಮ್ಮೂರಿನ ಬಾವಿಯಲ್ಲಿ. ತಿರುಗಿ ನೋಡು."

"ಮೊದಲು ಹಚ್ಚು, ಆಮೇಲೆ ನೋಡು ಅಂತ ನಮಗೆ ಅಪ್ಪಣೆ. ಏಳಯ್ಯಾ ಮೇಲೆ!"

"ಏರಿ ಇನ್ನೂ ನಿಂತಿದೆ. ನಿಂತಿರುವಾಗಲೇ ಒಂದು ಸಲ ನೋಡಪ್ಪಾ. ಕೆಳಗೆ ನಿನ್ನ ಮನೆಯೂ ಇದೆ, ನನ್ನ ಮಗಳ ಮನೆಯೂ ಇದೆ."

ಕಾವಲುಗಾರ ತಿರುಗಿ ನೋಡಿದ. ಊರು ಇದ್ದ ಹಾಗೇ ಇತ್ತು. ಬಾವಿಯ ಕಡೆಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಹೊಸಬ ದಂಡೆಯಲ್ಲಿ ನಿಂತು, ಆಗಿದ್ದೇನೆಂದು ತಿಳಿಯದೆ, ಏರಿಯ ಕಡೆ ಬಾಯಿ ಬಿಟ್ಟು ನೋಡುತ್ತಿದ್ದ. ಕಾವಲುಗಾರ ಕೆಂಡದ ಕುಡಿಕೆಯನ್ನು ಕೆರೆಗೆ ಎಸೆದು, ಕುಸಿದು ಕೂತು, ಚಿಕ್ಕ ಮಗುವಿನ ಹಾಗೆ ಅತ್ತ.

ಆ ಹೊತ್ತಿಗೆ ಎರಡೂ ಊರು ಏರಿಯ ಮೇಲಿತ್ತು. ಬೈಯಲು ಪುರುಸೊತ್ತಿರಲಿಲ್ಲ. ಮೂರು ದಿನ ಎರಡೂ ಕಡೆಯವರು ಒಂದೇ ಗುಂಡಿಗೆ ಮಣ್ಣು ಹೊತ್ತರು. ಮಣ್ಣು ತುಂಬುವ ಮೊದಲು ಬಾವಿಯವನು ಗುಂಡಿಗೆ ಇಳಿದು, ನೀರಿಗೂ ಗುಂಡಿಗೂ ನಡುವೆ ಉಳಿದ ಗೋಡೆಯನ್ನು ಅಳೆದ. ಒಂದೇ ಮೊಳ. ಅವನು ತನ್ನ ಮೊಣಕೈಯನ್ನು ಗೋಡೆಯಿಂದ ತೆಗೆಯದೆ ಬಹಳ ಹೊತ್ತು ಅಲ್ಲೇ ನಿಂತ. ಮದ್ದಿನ ಲೆಕ್ಕ ಬಲ್ಲವನು ಅವನು. ಒಂದು ತಿಂಗಳ ಹಿಂದೆ ತೆಗೆಸಿದ ಆ ಒಂದು ಮಡಕೆ ಒಳಗೇ ಇದ್ದಿದ್ದರೆ ಈ ಒಂದು ಮೊಳ ಇರುತ್ತಿರಲಿಲ್ಲ. ಆ ದಿನ ತಾನು ಊಟ ಬಿಟ್ಟು ಕೂತದ್ದು, ಎಲ್ಲ ವ್ಯರ್ಥವೆಂದದ್ದು ನೆನಪಾಗಿ ಬಾಯಿಗೆ ಸೆರಗು ಒತ್ತಿಕೊಳ್ಳುವ ಹೆಂಗಸಿನಂತೆ ಅಂಗವಸ್ತ್ರ ಒತ್ತಿಕೊಂಡ.

ಗುಂಡಿ ಮುಚ್ಚಿತು. ನಾಲ್ಕನೆಯ ದಿನ ಇಬ್ಬರು ಗೌಡರೂ ಏರಿಯ ಮೇಲೆ ಸೇರಿದರು. ಬಾವಿಯವನು ಕೈ ಮುಗಿದು ಮುಂದೆ ನಿಂತ. ಈಗಲಾದರೂ ಪಡುವಲೂರಿನ ಐದನ್ನು ತೆಗೆಸುತ್ತಾರೆ, ಮದ್ದಿನ ಹೆಸರು ಇಲ್ಲಿಗೆ ಮುಗಿಯುತ್ತದೆ ಎಂದು ಅವನು ನಂಬಿದ್ದ. ಮೂಡಲೂರಿನ ಗೌಡ ತುಂಬಿದ ಮಣ್ಣನ್ನು ಕಾಲಿನಿಂದ ಒತ್ತಿ ನೋಡಿದ.

"ನೋಡಿದಿರಾ? ಐದು ಮಡಕೆ ಸಿಡಿದರೂ ಏರಿಗೆ ಏನೂ ಆಗಲಿಲ್ಲ. ಒಂಬತ್ತು ವರ್ಷ ಈ ಮಡಕೆರಾಯ ಸುಮ್ಮನೆ ನಮ್ಮನ್ನು ಹೆದರಿಸಿದ. ಐದು ಯಾತಕ್ಕೂ ಸಾಲದು."

ಪಡುವಲೂರಿನ ಗೌಡ ಹೌದೆಂದು ತಲೆಯಾಡಿಸಿದ. ಯಾರೂ ಬೇಡಿಕೊಳ್ಳದೆಯೇ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ತಿಂಗಳು ತುಂಬುವುದರೊಳಗೆ ಎರಡೂ ಬಿಲದಲ್ಲಿ ಇಪ್ಪತ್ತಿಪ್ಪತ್ತು ಮಡಕೆ ಕೂತವು. ಬಾವಿಯವನು ಮದ್ದು ಮುಟ್ಟುವುದಿಲ್ಲವೆಂದ. ತುಂಬಿಸಿದವನು ಆ ಹೊಸಬ. ಅವನಿಗೂ ಕೆಲಸ ಬೇಕಿತ್ತು.

ಬಾವಿಯವನು ಎರಡು ದಿನ ಮನೆಯಲ್ಲೇ ಉಳಿದ. ಮೂರನೆಯ ಬೆಳಗ್ಗೆ ಎದ್ದು, ಮುಖ ತೊಳೆದು, ಗೌಡನ ಬಾಗಿಲಿಗೆ ಹೋಗಿ ಒಂದು ಮಡಕೆ ತೆಗೆಸಿ ಎಂದು ಕೇಳಿದ.

ಗುರುಗಳು ಕತೆ ನಿಲ್ಲಿಸಿ ಸಿಪ್ಪೆಯನ್ನು ಒಂದು ಕಡೆಗೆ ಬಳಿದರು. ತಾರಿಣಿಯ ಕೈಯಲ್ಲಿ ಅವರೆಕಾಯಿ ಹಾಗೆಯೇ ಉಳಿದಿತ್ತು. ಅವಳಿಗೆ ಸಿಟ್ಟು ಬಂದಿತ್ತು.

"ಕಣ್ಣಾರೆ ಕಂಡೂ ಮತ್ತೆ ತುಂಬಿಸಿದರೇ? ಎಂಥ ಜನ ಗುರುಗಳೇ ಅವರು! ಇಂಥವರ ಊರೂ ಎಲ್ಲಾದರೂ ಉಳಿದಿರುತ್ತದೆಯೇ?"

ಗುರುಗಳು ಅವಳನ್ನೇ ನೋಡಿದರು.

"ಉಳಿದಿದೆ ತಾಯಿ, ನಾನೂ ನೀನೂ ಈಗ ಕೂತಿರುವುದು ಆ ಏರಿಯ ಕೆಳಗೇ."