ನಾಯಿ ಕಾಣದ ಕಳ್ಳ

ಭೈರನೆಂಬ ನಾಯಿ ಒಂಬತ್ತು ವರ್ಷದಿಂದ ಅಂಬುಜಾಕ್ಷಿ ಟೀಚರ ಮನೆ ಕಾಯುತ್ತಿತ್ತು. ಒಂದು ಮಧ್ಯಾಹ್ನ ಮೇಜಿನ ಮೇಲಿದ್ದ ಮೊಬೈಲು, "ಕಳ್ಳ ಬಂದಿದ್ದಾನೆ. ತೀರಿಹೋದ ಯಜಮಾನರ ಫೋಟೊಗಳನ್ನೆಲ್ಲ ಅಳಿಸುತ್ತಿದ್ದಾನೆ" ಎಂದಿತು.

ಭೈರ ಗೇಟಿಗೆ ಓಡಿ ನೋಡಿ ಬಂತು. "ಯಾರೂ ಇಲ್ಲವಲ್ಲ! ಎಲ್ಲಿಂದ ಬಂದ?"

"ನನ್ನ ಮೂಲಕವೇ. ಬಹುಮಾನದ ಸಂದೇಶ ಕಳಿಸಿ ಒಪ್ಪಿಗೆ ಕೇಳಿದ. ಅಮ್ಮ ಓದದೆ ಒತ್ತಿಬಿಟ್ಟರು."

"ನೀನು ಎಚ್ಚರಿಸಬಾರದಿತ್ತೆ?"

"ಎಚ್ಚರಿಸಿದೆ. ಆದರೆ ಸೀರೆಯ ಜಾಹೀರಾತಿಗೂ ದಿನಕ್ಕೆ ನೂರು ಸಲ ಹೀಗೇ ಕೂಗುತ್ತೇನೆ. ನನ್ನ ಮಾತನ್ನು ಯಾರು ಕೇಳುತ್ತಾರೆ?"

ಭೈರ ಮೊಬೈಲಿನ ಮುಂದೆ ನಿಂತು ಗಂಟಲು ಹರಿಯುವಂತೆ ಬೊಗಳಿತು.

"ಸುಮ್ನಿರೋ ಭೈರ, ಯಾರೂ ಬಂದಿಲ್ಲ" ಎಂದು ಟೀಚರು ಅಡುಗೆಮನೆಯಿಂದ ಗದರಿದರು. ಭೈರ ಬೊಗಳುತ್ತಲೇ ಇತ್ತು. ಕೊನೆಯ ಫೋಟೊ ಹೋಗುವ ಹೊತ್ತಿಗೆ ಟೀಚರು ಅದನ್ನು ಹಿತ್ತಲಲ್ಲಿ ಕಟ್ಟಿಹಾಕಿದ್ದರು.