ಎತ್ತರವಾದ ಪಿಕಪ್

ಗುಡ್ಡದ ಕಲ್ಲುದಾರಿಯಲ್ಲಿ ಓಡಾಡುವ ಪಿಕಪ್ ಗಾಡಿಯೊಂದು ಲಿಫ್ಟ್ ಕಿಟ್ ಹಾಕಿಸಿಕೊಂಡು ಮೊದಲಿಗಿಂತ ಎತ್ತರವಾಯಿತು. ಅದರ ಅಡಿಯಲ್ಲಿ ಕುಲುಕಾಟ ತಡೆಯುತ್ತಿದ್ದ ಹಳೆಯ ಶಾಕ್ ಅಬ್ಸಾರ್ಬರ್ ಕೇಳಿಕೊಂಡಿತು:

"ಧಣಿ, ನೀವು ಎತ್ತರವಾದಿರಿ, ಸಂತೋಷ. ನನ್ನ ಉದ್ದ ಮಾತ್ರ ಇದ್ದಷ್ಟೇ ಇದೆ. ನಿಂತಲ್ಲೇ ಪೂರ್ತಿ ಚಾಚಿಕೊಂಡಿದ್ದೇನೆ. ಗುಂಡಿ ಬಂದರೆ ಕಿತ್ತುಹೋಗುತ್ತೇನೆ. ನನ್ನನ್ನು ಬಿಡಿಸಿ, ಉದ್ದನೆಯದನ್ನು ಹಾಕಿಸಿಕೊಳ್ಳಿ."

"ಗಾಡಿಯ ಕೆಳಗೆ ಬಗ್ಗಿ ನಿನ್ನನ್ನು ನೋಡುವವರು ಯಾರಯ್ಯ?" ಎಂದಿತು ಪಿಕಪ್. "ಇಷ್ಟು ವರ್ಷ ತಡೆದುಕೊಂಡಿದ್ದೀಯ. ಇನ್ನಷ್ಟು ತಡೆದುಕೋ."

ಚಕ್ರ ಗುಂಡಿಗೆ ಇಳಿದಾಗಲೆಲ್ಲ ಶಾಕ್ ಅಬ್ಸಾರ್ಬರಿನ ಮೈ ಕಟಕ್ಕೆನ್ನುತ್ತಿತ್ತು. "ಶುರುವಾಯಿತು ಮುದುಕಪ್ಪನ ನರಳಾಟ," ಎಂದು ಪಿಕಪ್ ಇನ್ನೂ ಜೋರಾಗಿ ಓಡುತ್ತಿತ್ತು.

ಒಂದು ದಿನ ಇಳಿಜಾರಿನಲ್ಲಿ ಶಾಕ್ ಅಬ್ಸಾರ್ಬರ್ ಕಿತ್ತುಹೋಗಿ ದಾರಿಗೆ ಬಿತ್ತು. ಒಳಗಿನ ಎಣ್ಣೆ ಮಣ್ಣಿಗೆ ಸೋರಿತು. ಪಿಕಪ್ ಒಮ್ಮೆ ಕುಪ್ಪಳಿಸಿತು. ಆಮೇಲೆ ಕುಪ್ಪಳಿಸುವುದನ್ನು ನಿಲ್ಲಿಸಲು ಅದಕ್ಕೆ ಆಗಲಿಲ್ಲ. ಕಂದಕದ ಅಂಚಿಗೆ ವಾಲುತ್ತಾ ಕಿರುಚಿತು:

"ಏ ಮುದುಕಪ್ಪ, ನನ್ನನ್ನು ಹಿಡಿದುಕೋ!"

"ಹಾಗಾದರೆ, ಹಿಡಿದುಕೊಂಡಿದ್ದವರು ಯಾರೆಂದು ನಿಮಗೆ ಗೊತ್ತಿತ್ತು," ಎಂದಿತು ಶಾಕ್ ಅಬ್ಸಾರ್ಬರ್, ಬಿದ್ದಲ್ಲಿಂದಲೇ.